ಎಣ್ಣೆ ಮಿಲ್ಲಿನ ಇಂಗ್ಲಿಷ್ ಬ್ಯಾಂಡು

ನಮ್ಮ ಮನೆಯಲ್ಲಿ ಅನ್ನದ ಪಾತ್ರೆಗೆ ಮುಚ್ಚುವ ಮುಚ್ಚಳ ಅಂಗಡಿಯಿಂದ ತಂದದ್ದಲ್ಲ. ಅದು ಕಂಚಿನದು. ಮುಕ್ಕಾಲು ಮೊಳ ಅಗಲ, ನಡುವೆ ಒಂದು ಉಬ್ಬು, ಉಬ್ಬಿನ ನೆತ್ತಿಯಲ್ಲಿ ಒಂದು ತೂತು. ತೂತಿನಿಂದ ಹಬೆ ಹೋಗುತ್ತದೆ, ಗಂಜಿ ಉಕ್ಕುವುದಿಲ್ಲ, ಇಂಥ ಮುಚ್ಚಳ ಮಧುಗಿರಿಯಲ್ಲಿ ಇನ್ಯಾರ ಮನೆಯಲ್ಲೂ ಇಲ್ಲ ಎಂದು ನನ್ನ ಹೆಂಡತಿ ಗಿರಿಜಾ ಬಂದವರಿಗೆಲ್ಲ ಹೇಳುತ್ತಾಳೆ. ಅದು ಬ್ಯಾಂಡ್ ಸೆಟ್ಟಿನ ದೊಡ್ಡ ತಾಳ ಎಂಬುದನ್ನು ಮಾತ್ರ ಹೇಳುವುದಿಲ್ಲ. ಜೋಡಿಯ ಇನ್ನೊಂದು ತಾಳ ಹೋದ ವರ್ಷ ಯಾವುದೋ ಮದುವೆಯಲ್ಲಿ ಸೀಳಿಹೋಯಿತು. ಒಂಟಿ ತಾಳ ಇಟ್ಟುಕೊಂಡು ನಾನೇನು ಮಾಡಲಿ? ಅಡುಗೆಮನೆಗೆ ಬಿಟ್ಟುಕೊಟ್ಟೆ.

ಹೋದ ವಾರ ಅದು ಅವಳ ಕೈಜಾರಿ ನೆಲಕ್ಕೆ ಬಿತ್ತು. ನಾನು ಹಜಾರದಲ್ಲಿ ಪೇಪರು ಓದುತ್ತಿದ್ದವನು ಎದ್ದು ನಿಂತುಬಿಟ್ಟೆ. ಎಡಗಾಲು ತಾನಾಗಿಯೇ ಮುಂದಕ್ಕೆ ಹೋಯಿತು.

"ಕೂತ್ಕಳಿ, ಕೂತ್ಕಳಿ. ಮೆರವಣಿಗೆ ಹೊರಟಿಲ್ಲ, ಮುಚ್ಚಳ ಬಿದ್ದಿದ್ದು" ಎಂದಳು ಗಿರಿಜಾ ಒಳಗಿನಿಂದ.

ಕೂತೆ. ಆದರೆ ಪೇಪರಿನ ಅಕ್ಷರ ಆಮೇಲೆ ತಲೆಗೆ ಹತ್ತಲಿಲ್ಲ. ಆದ್ದರಿಂದ ನಿಮಗೆ ನಮ್ಮ ಬ್ಯಾಂಡಿನ ಚರಿತ್ರೆಯನ್ನು ಹೇಳಿಬಿಡುತ್ತೇನೆ. ಇದನ್ನು ಕೇಳಿರೆಂದು ಯಾರೂ ನಿಮ್ಮನ್ನು ಒತ್ತಾಯಿಸಿಲ್ಲ, ಬರೆ ಎಂದು ನನ್ನನ್ನೂ ಯಾರೂ ಒತ್ತಾಯಿಸಿಲ್ಲ.

ಜನ ನಮ್ಮನ್ನು ಎಣ್ಣೆ ಬ್ಯಾಂಡು ಎನ್ನುತ್ತಿದ್ದರು. ಈಗಿನ ಹುಡುಗರ ಮುಂದೆ ಹಾಗೆಂದರೆ ಮುಸಿಮುಸಿ ನಗುತ್ತಾರೆ. ಅವರಿಗೆ ಎಣ್ಣೆ ಎಂದರೆ ಬಾಟಲಿಯಲ್ಲಿ ಬರುವ ಬೇರೆ ಪದಾರ್ಥ. ನಮ್ಮದು ಶುದ್ಧ ಕಡಲೆಕಾಯಿ ಎಣ್ಣೆ. ಕೊಡಿಗೇನಹಳ್ಳಿ ರಸ್ತೆಯಲ್ಲಿ ಸಾಹುಕಾರ್ ರುದ್ರಪ್ಪನವರ ಎಣ್ಣೆ ಮಿಲ್ಲಿತ್ತು. ಬ್ಯಾಂಡಿನವರೆಲ್ಲ ಆ ಮಿಲ್ಲಿನ ಕೆಲಸಗಾರರು. ಎಷ್ಟು ಸೋಪು ಹಾಕಿ ಉಜ್ಜಿದರೂ ಮೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ನಾವು ಬೀದಿಯ ತಿರುವಿನಲ್ಲಿರುವಾಗಲೇ, ಒಂದು ಸ್ವರ ಊದುವ ಮೊದಲೇ, ನಮ್ಮ ಬರವು ಮದುವೆಮನೆಯವರ ಮೂಗಿಗೆ ಗೊತ್ತಾಗುತ್ತಿತ್ತು.

ಎಣ್ಣೆ ಮಿಲ್ಲಿಗೂ ಇಂಗ್ಲಿಷ್ ಬ್ಯಾಂಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಾಹುಕಾರರ ಅವಸರವೇ ಸಂಬಂಧ. ಅವರು ಕುಳಿತಲ್ಲಿ ಕೂರುವ ಮನುಷ್ಯರಲ್ಲ. ಪಂಕ್ತಿಯಲ್ಲಿ ಊಟಕ್ಕೆ ಕೂತರೆ, ಪಲ್ಯ ಬಡಿಸುವವರು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಇವರು ಮಜ್ಜಿಗೆಗೆ ಕೈಯೊಡ್ಡುತ್ತಿದ್ದರು. ಅಂಥವರ ಹಿರಿಯ ಮಗಳ ಮದುವೆಗೆ ಹಿಂದೂಪುರದಿಂದ ಬ್ಯಾಂಡು ಗೊತ್ತುಮಾಡಿದ್ದರು. ಗಂಡಿನವರು ಕೊರಟಗೆರೆಯಿಂದ ಬಂದು ಊರ ಬಾಗಿಲಲ್ಲಿ ಕೂತರು, ಬ್ಯಾಂಡು ಮಾತ್ರ ಬರಲಿಲ್ಲ. ಬ್ಯಾಂಡಿಲ್ಲದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ಗಂಡಿನ ಸೋದರಮಾವ ಪಟ್ಟು ಹಿಡಿದ. ಮುಹೂರ್ತ ಹತ್ತಿರವಾಗುತ್ತಿತ್ತು. ಎರಡು ಗಂಟೆ ಕಾದ ಸಾಹುಕಾರರು, "ಸದ್ದು ತಾನೆ ಬೇಕಾಗಿರೋದು" ಎಂದು ಮಿಲ್ಲಿಗೆ ಆಳು ಓಡಿಸಿ ಸೈರನ್ ಹಾಕಿಸಿದರು. ಮದುಮಗ ಸೈರನ್ನಿನ ಜೊತೆ ಊರೊಳಗೆ ಬಂದ. ಎರಡನೆಯ ಪಾಳಿಯವರು ತಮ್ಮ ಹೊತ್ತಾಯಿತೆಂದುಕೊಂಡು ಊಟದ ಬುತ್ತಿ ಹಿಡಿದು ಮಿಲ್ಲಿನ ಕಡೆ ಓಡಿದರು.

ಮದುವೆ ಮುಗಿದ ಮೂರನೆಯ ದಿನ ಸಾಹುಕಾರರು ನಮ್ಮನ್ನೆಲ್ಲ ಸಿಪ್ಪೆಯ ರಾಶಿಯ ಮುಂದೆ ನಿಲ್ಲಿಸಿ ಹೇಳಿದರು: "ಇನ್ನೊಬ್ರು ಬ್ಯಾಂಡಿಗೆ ಕಾಯೋದು ಇದೇ ಕೊನೆ ಕಣ್ರಪ್ಪ. ಕಿರಿ ಮಗಳ್ ಮದ್ವೆ ಒಳಗೆ ನೀವೇ ಕಲೀಬೇಕು."

ಕಲಿಸಲು ಸಿರಾದಿಂದ ರಹೀಂ ಸಾಬರು ಬಂದರು. ಮಿಲಿಟರಿ ಬ್ಯಾಂಡಿನಲ್ಲಿದ್ದು ಬಿಟ್ಟುಬಂದವರು. ಬಡಕಲು ದೇಹ, ಇಸ್ತ್ರಿ ಮಾಡಿದ ಅಂಗಿ, ನೆಟ್ಟಗೆ ನಿಂತರೆ ಅಳತೆಗೋಲು. ಅವರನ್ನು ನಾವು ಮೇಷ್ಟ್ರು ಎಂದೇ ಕರೆದೆವು. ಸಾಹುಕಾರರು ಬೆಂಗಳೂರಿನಲ್ಲಿ ಮುಚ್ಚಿಹೋದ ಯಾವುದೋ ಬ್ಯಾಂಡಿನ ಹಳೆಯ ವಾದ್ಯಗಳನ್ನು ಹಿಂಡಿ ಚೀಲದ ಲಾರಿಯಲ್ಲಿ ತರಿಸಿದ್ದರು. ಟ್ರಂಪೆಟ್ಟುಗಳು, ಡ್ರಮ್ಮುಗಳು, ಮತ್ತೆ ಹೆಬ್ಬಾವಿನ ಹಾಗೆ ಮೈಗೆ ಸುತ್ತಿಕೊಳ್ಳುವ ಒಂದು ದೊಡ್ಡ ಹಾರ್ನು.

ಯಾರಿಗೆ ಯಾವುದು ಎಂದು ನಿರ್ಧರಿಸಲು ಮೇಷ್ಟ್ರು ಒಂದು ಪರೀಕ್ಷೆ ಮಾಡಿದರು. ಪ್ರತಿಯೊಬ್ಬನ ಮುಂದೆ ಒಂದು ಬೊಗಸೆ ಕಡಲೆಕಾಯಿ ಸಿಪ್ಪೆ ಹಾಕಿಸಿ ಊದಲು ಹೇಳಿದರು. ಬಾಯ್ಲರಿಗೆ ಸಿಪ್ಪೆ ತುಂಬುವ ದಾಸಪ್ಪ ಊದಿದ. ಒಂದು ಸಿಪ್ಪೆಯೂ ಇದ್ದ ಜಾಗದಲ್ಲಿ ಉಳಿಯಲಿಲ್ಲ. ಎದುರಿಗೆ ನಿಂತಿದ್ದ ಮೇಷ್ಟ್ರು ಕಣ್ಣುಜ್ಜಿಕೊಳ್ಳುತ್ತ, "ಶಾಬಾಷ್. ದೊಡ್ಡದು ಇವನಿಗೇ" ಎಂದರು.

ನನ್ನ ಸರದಿ ಬಂತು. ನಾನು ಮಿಲ್ಲಿನಲ್ಲಿ ತೂಕದ ಗುಮಾಸ್ತ. ಇಪ್ಪತ್ತೆರಡರ ವಯಸ್ಸು, ಮೂವತ್ತೆರಡು ಇಂಚಿನ ಎದೆ. ನಾನು ಊದಿದ ಮೇಲೆ ಸಿಪ್ಪೆಗಳು ಒಂದನ್ನೊಂದು ನೋಡಿಕೊಂಡು ಸುಮ್ಮನಿದ್ದವು. ಆದರೆ ನನಗೆ ಒಂದು ನೆಪವಿತ್ತು. ನಮ್ಮಪ್ಪ ನಮ್ಮ ಬೀದಿಯ ಈಶ್ವರನ ಗುಡಿಯ ಅರ್ಚಕರು. ಬ್ಯಾಂಡಿಗೆ ಸೇರುತ್ತೇನೆಂದಾಗಲೇ ಹೇಳಿದ್ದರು: "ಯಾರ್ಯಾರೋ ಬಾಯಿಟ್ಟು ಊದಿದ್ದಕ್ಕೆ ನೀನೂ ಬಾಯಿಟ್ಟರೆ ಎಂಜಲಾಯ್ತದೆ. ಗುಡಿ ಮೆಟ್ಲು ಹತ್ತಬ್ಯಾಡ ಆಮೇಲೆ." ಇದನ್ನು ಮೇಷ್ಟ್ರಿಗೆ ವಿನಯದಿಂದ ತಿಳಿಸಿದೆ. ಅವರು ನನ್ನ ಎದೆಯನ್ನು ಒಮ್ಮೆ, ಸಿಪ್ಪೆಯನ್ನು ಒಮ್ಮೆ ನೋಡಿ, "ಅಚ್ಛಾ ಹುವಾ. ನಿಮ್ಮಪ್ಪ ನಂದೂ ಕೆಲಸ ಹಗುರ ಮಾಡಿದ್ರು" ಎಂದು ತಾಳದ ಜೋಡಿಯನ್ನು ನನ್ನ ಕೈಗೆ ಕೊಟ್ಟರು.

ಪಾಳಿ ಮುಗಿದ ಮೇಲೆ ಗೋಡೌನಿನಲ್ಲಿ ಅಭ್ಯಾಸ. ಪಕ್ಕದಲ್ಲೇ ಗಾಣದ ಯಂತ್ರಗಳು ಓಡುತ್ತಿದ್ದವು. ಧಡಕ್ ಧಡಕ್ ಎಂದು ಅವುಗಳದ್ದೊಂದು ನಡೆ. ನಮಗೆ ಗೊತ್ತಿಲ್ಲದೆಯೇ ನಾವು ಆ ನಡೆಗೆ ಸೇರಿಕೊಂಡೆವು. ಕರೆಂಟು ಹೋದರೆ ಯಂತ್ರ ನಿಲ್ಲುತ್ತಿತ್ತು, ನಾವೂ ನಿಲ್ಲುತ್ತಿದ್ದೆವು. ಅಕ್ಕಪಕ್ಕದ ಮನೆಗಳವರು ಕರೆಂಟು ಹೋಗಲಿ ಎಂದು ದೇವರನ್ನು ಬೇಡುತ್ತಿದ್ದರೆಂದು ಆಮೇಲೆ ತಿಳಿಯಿತು. ಒಂದು ದೂರು ಬಂದ ಮೇಲೆ ಮೇಷ್ಟ್ರು ಒಂದು ಭಾನುವಾರ ನಮ್ಮನ್ನು ಬುಕ್ಕಾಪಟ್ಟಣದ ಕಡೆಯ ಕುರುಚಲು ಕಾಡಿನಂಚಿಗೆ ಕರೆದುಕೊಂಡು ಹೋದರು. ಅಲ್ಲಿ ಚಿಂಕಾರ ಎಂಬ ಸಣ್ಣ ಜಾತಿಯ ಜಿಂಕೆಯೊಂದು ಪೊದೆಯಿಂದ ತಲೆ ಎತ್ತಿ, ಇಡೀ ಹಾಡು ಮುಗಿಯುವವರೆಗೆ ಕೇಳಿ, ಆಮೇಲೆ ಓಡಿತು. ಓಡಿದ್ದನ್ನು ಬಿಟ್ಟು ಕೇಳಿದ್ದನ್ನಷ್ಟೇ ಮೇಷ್ಟ್ರು ಬಹಳ ವರ್ಷ ಹೇಳಿಕೊಂಡರು.

ಅವರು ಕಲಿಸಿದ್ದು ಎರಡೇ ಹಾಡು. ಒಂದು ಜೋರಿನದು, ಹೆಜ್ಜೆ ಹಾಕುವುದಕ್ಕೆ. ಇನ್ನೊಂದು ನಿಧಾನದ್ದು. ಮೊದಲನೆಯದು ಗಂಡನ್ನು ಕರೆತರಲು, ಎರಡನೆಯದು ಹೆಣ್ಣನ್ನು ಕಳಿಸಿಕೊಡಲು. ಮದುವೆಗೆ ಇನ್ನೇನು ಬೇಕು?

ಕಿರಿಯ ಮಗಳು ನಿರ್ಮಲಾಳ ಮದುವೆ ನಿಶ್ಚಯವಾಯಿತು. ಗಂಡು ಪಾವಗಡದವನು. ಕೆಂಪು ಬಟ್ಟೆಯ ಯೂನಿಫಾರಂ ಹೊಲಿಸಿದರು, ಎಲ್ಲರಿಗೂ ಒಂದೇ ಅಳತೆ. ಅದು ದಾಸಪ್ಪನಿಗೆ ರವಿಕೆಯಾಯಿತು, ನನಗೆ ನಿಲುವಂಗಿಯಾಯಿತು. ಮೆರವಣಿಗೆ ಶುರುವಾದಾಗ ನಮ್ಮ ಕಿವಿಗೆ ಏನೋ ಕೊರತೆ ಅನ್ನಿಸಿತು. ಮದುವೆಯ ಪ್ರಯುಕ್ತ ಮಿಲ್ಲಿಗೆ ರಜೆ. ಧಡಕ್ ಧಡಕ್ ಇಲ್ಲ. ಟ್ರಂಪೆಟ್ಟಿನವರು ಮುಂದೆ ಓಡಿದರು, ದಾಸಪ್ಪ ಹಿಂದೆ ಉಳಿದ, ಡ್ರಮ್ಮಿನವನು ಎರಡು ಕಡೆಗೂ ಸೇರದೆ ನಡುವೆ ನಿಂತ. ನಾನು ಎಲ್ಲಿ ಖಾಲಿ ಕಂಡಿತೋ ಅಲ್ಲಿ ತಾಳ ಬಡಿದೆ. ಗಂಡಿನವರು ಮುಖ ಮುಖ ನೋಡಿಕೊಂಡರು. ಸಾಹುಕಾರರ ಮುಖ ಯೂನಿಫಾರಮ್ಮಿನ ಬಣ್ಣಕ್ಕೆ ತಿರುಗಿತು.

ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ಬೇಟಾ, ಇವತ್ತು ಮೆಷಿನ್ ಇಲ್ಲ. ನೀನೇ ಮೆಷಿನ್. ಯಾರ್ ಏನಾದ್ರೂ ಊದ್ಲಿ, ನೀನು ನಡೆ ಬಿಡ್ಬೇಡ."

ನನಗೆ ಜನ್ಮದಲ್ಲಿ ಯಾರೂ ಅಂಥ ಜವಾಬ್ದಾರಿ ಕೊಟ್ಟಿರಲಿಲ್ಲ. ಕಣ್ಣು ಮುಚ್ಚಿಕೊಂಡೆ. ಗೋಡೌನಿನ ಗೋಡೆ, ಹಿಂಡಿಯ ವಾಸನೆ, ಪಕ್ಕದ ಯಂತ್ರ ಎಲ್ಲವನ್ನೂ ನೆನೆದುಕೊಂಡು ಬಡಿದೆ. ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಚೌಟ್ರಿಯ ಬಾಗಿಲು ತಲುಪುವ ಹೊತ್ತಿಗೆ ನಾವು ಬ್ಯಾಂಡಾಗಿದ್ದೆವು. ಕಣ್ಣು ಮುಚ್ಚಿದ್ದರಿಂದ ನಾನು ಮಾತ್ರ ಚಪ್ಪರದ ಕಂಬಕ್ಕೆ ಹೋಗಿ ಡಿಕ್ಕಿ ಹೊಡೆದೆ. ಅದೂ ನಡೆ ತಪ್ಪದೆ.

ಮಧ್ಯಾಹ್ನ ಹೆಣ್ಣು ಕಳಿಸುವಾಗ ನಿಧಾನದ ಹಾಡು ನುಡಿಸಿದೆವು. ಅದರಲ್ಲಿ ನನಗೆ ಕೆಲಸ ಕಡಿಮೆ. ಎಂಟೆಣಿಕೆಗೊಮ್ಮೆ ಮೆಲ್ಲಗೆ ತಾಗಿಸಬೇಕು, ಉಳಿದ ಹೊತ್ತು ಜನರನ್ನು ನೋಡುತ್ತಿರಬಹುದು. ನಿರ್ಮಲಾ ಅತ್ತಳು. ಅವಳ ತಾಯಿ ಪಾರ್ವತಮ್ಮನವರು ಅತ್ತರು. ಎಲೆ ಎತ್ತುತ್ತಿದ್ದ ಹೆಂಗಸರು ಅತ್ತರು. ಗಂಡಿನ ಸೋದರತ್ತೆ, ಅವಳಿಗೇನೂ ಸಂಬಂಧವಿಲ್ಲದಿದ್ದರೂ, ಅತ್ತಳು. ಅಂದಿನಿಂದ ಕೊರಟಗೆರೆ, ಸಿರಾ, ಪಾವಗಡ ಎಲ್ಲ ಕಡೆಯಿಂದಲೂ ಕರೆ ಬರತೊಡಗಿತು. ಚನ್ನರಾಯನದುರ್ಗದಿಂದ ಬಂದ ಒಬ್ಬ ಹೆಂಗಸು ನೇರವಾಗಿ ಹೇಳಿದಳು: "ಆ ಅಳೋ ಹಾಡು ಐತಲ್ಲ, ಅದು ಬೇಕು. ನನ್ ಮಗ್ಳು ಕಲ್ಲು ಕಣಣ್ಣ. ಬ್ಯಾರೆ ಯಾವ್ದುಕ್ಕೂ ಅಳಾಕಿಲ್ಲ." ಆ ಮಗಳೂ ಅತ್ತಳು.

ಹೀಗೆ ಎಂಟು ಹತ್ತು ವರ್ಷ ನಡೆಯಿತು. ಆಮೇಲೆ ಪಾವಗಡದಲ್ಲಿ, ನಿರ್ಮಲಾಳ ಗಂಡನ ಸಂಬಂಧಿಕರಲ್ಲೇ ಒಂದು ಮದುವೆ. ಊಟವಾಗಿತ್ತು. ಹೆಣ್ಣು ಜೀಪು ಹತ್ತಿ ಕೂತಿದ್ದಳು. ನಾವು ನಿಧಾನದ ಹಾಡು ಎತ್ತಿಕೊಂಡೆವು. ಚಪ್ಪರದಡಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬ ಮುದುಕ, ಮಿಲಿಟರಿಯಿಂದ ನಿವೃತ್ತನಾದ ಹವಾಲ್ದಾರ, ತಟ್ಟನೆ ಎದ್ದು ಟೋಪಿ ತೆಗೆದು, ಎರಡೂ ಕೈ ತೊಡೆಗೆ ಅಂಟಿಸಿ ಕಂಬದ ಹಾಗೆ ನಿಂತ.

"ಏಮಯಿಂದಿ ಮಾವಾ?" ಎಂದು ಪಕ್ಕದವನು ತೆಲುಗಿನಲ್ಲಿ ಏನಾಯಿತೆಂದು ಕೇಳಿದ.

"ಎವರು ಪೋಯಿಂದಿ?" ಎಂದ ಹವಾಲ್ದಾರ, ಯಾರು ತೀರಿಕೊಂಡರು ಎನ್ನುವ ಅರ್ಥದಲ್ಲಿ. "ಇದಿ ಸಾವು ಪಾಟ ಕದಾ. ಮಿಲಿಟ್ರಿಲಿ ಆಫೀಸರ್ ಸತ್ರೆ ಇದೇ ಬಾರಿಸೋದು."

ಅವನು ಮೆಲ್ಲಗೆ ಹೇಳಬಹುದಿತ್ತು. ಆದರೆ ಮಿಲಿಟರಿ ಗಂಟಲು. ಚಪ್ಪರಕ್ಕೆಲ್ಲ ಕೇಳಿಸಿತು. ಟ್ರಂಪೆಟ್ಟುಗಳು ನಿಂತವು. ದಾಸಪ್ಪನಿಗೆ ಹಾರ್ನಿನೊಳಗೆ ಏನೂ ಕೇಳಿಸುವುದಿಲ್ಲವಾದ್ದರಿಂದ ಅವನೊಬ್ಬ ಇನ್ನೂ ಸ್ವಲ್ಪ ಹೊತ್ತು ಊದಿದ.

ಗಂಡಿನ ಅಜ್ಜಿ ಜೀಪಿನ ಮುಂದೆ ಬಂದು ನಿಂತಳು. "ಹುಡ್ಗೀನ ಇಳಿಸ್ರಪ್ಪ. ಸಾವಿನ ಹಾಡ್ ಹಾಕಿ ಕಳ್ಸಿದ್ ಹೆಣ್ಣು ನಮ್ಮನೆ ಹೊಸ್ಲು ದಾಟೋದು ಬ್ಯಾಡ" ಎಂದಳು. ಹೆಣ್ಣಿನ ತಂದೆ ಮರದ ಕುರ್ಚಿಯ ಮೇಲೆ ಕುಸಿದು ಕೂತ. ಯಾರೋ ಒಬ್ಬ ಮೇಷ್ಟ್ರ ಅಂಗಿಯ ಕಾಲರಿಗೆ ಕೈ ಹಾಕಿದ. ಮೇಷ್ಟ್ರು ಬಿಡಿಸಿಕೊಳ್ಳಲಿಲ್ಲ. ಹೆಣ್ಣು ಜೀಪಿನಿಂದ ಒಂದು ಕಾಲು ಕೆಳಗಿಟ್ಟಳು. ಆ ಕಾಲುಂಗುರವನ್ನೇ ನೋಡುತ್ತ ನಾನು ತಾಳಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅವು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿ ನನ್ನ ಮಾನ ಕಳೆದವು.

ಆಗ ಹೆಂಗಸರ ನಡುವಿನಿಂದ ನಿರ್ಮಲಾ ಎದ್ದು ಬಂದಳು. ಆ ಅಜ್ಜಿ ಅವಳ ಮಾವನ ತಂಗಿ. ಮಾತಿನಲ್ಲಿ ಅವಳು ಅಪ್ಪನ ಮಗಳು, ಅಲ್ಪವಿರಾಮವಿಲ್ಲ.

"ಅತ್ತೆ, ನನ್ನೂ ಇದೇ ಹಾಡಲ್ಲೇ ಕಳ್ಸಿದ್ದು. ನಾನು ಸತ್ತೋಗಿದೀನಾ? ಮೂರು ಮಕ್ಳು ಹೆತ್ತಿದೀನಿ, ನಿಮ್ ಅಣ್ಣನ್ ಮನೆ ನಡೆಸ್ತಿದೀನಿ, ಹೋದ್ ತಿಂಗ್ಳು ನಿಮ್ಗೆ ಜ್ವರ ಬಂದಾಗ ಗಂಜಿ ಕಾಯ್ಸಿದ್ದು ಯಾರು, ದೆವ್ವನಾ?"

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಕೊರಟಗೆರೆಯ ಕಡೆಯ ಒಬ್ಬಾಕೆ, "ನನ್ ತಂಗೀಗೂ ಇದೇ ಬ್ಯಾಂಡು. ಚೆನ್ನಾಗವ್ಳೆ" ಎಂದಳು. ಇನ್ನೊಬ್ಬಳು ತನ್ನ ಸೊಸೆಯದೂ ಇದೇ ಎಂದಳು. "ನಿಮ್ ಸೊಸೆ ಹೆಂಗವ್ಳೆ?" ಎಂದು ಯಾರೋ ಕೇಳಿದರು. "ಅವ್ಳು ಚೆನ್ನಾಗವ್ಳೆ, ನಾನೇ ಸೊರಗಿರೋದು" ಎಂದಳು. ಚಪ್ಪರದಲ್ಲಿ ಮೊದಲ ನಗು ಎದ್ದಿತು. ಜೀಪಿನ ಹೆಣ್ಣು ಇಳಿಸಿದ ಕಾಲನ್ನು ಮತ್ತೆ ಮೇಲಿಟ್ಟುಕೊಂಡು, "ಅಜ್ಜಿ, ಹಾಡು ಕೇಳಿ ಅಳು ಬಂತು, ಅಷ್ಟೇ. ನೀವೂ ಹತ್ತಿ, ಹೋಗಣ" ಎಂದಳು. ಹೊಸ ಸೊಸೆ ಮೊದಲ ಬಾರಿ ಕೈ ಚಾಚಿದಾಗ ಅಜ್ಜಿಗೂ ಬೇರೆ ದಾರಿ ಕಾಣಲಿಲ್ಲ. ಗೊಣಗುತ್ತಲೇ ಹತ್ತಿದಳು.

ಎಲ್ಲರಿಗಿಂತ ಸಂಕಟಪಟ್ಟವನು ಹವಾಲ್ದಾರ. ಅವನು ಮೇಷ್ಟ್ರ ಕಾಲರು ಸರಿಮಾಡಿ, "ಮೊದಲಿಂದ ಬಾರಿಸ್ರಿ ಮಾಸ್ಟ್ರೇ. ಆಫೀಸರಿಗೆ ಹೊಡ್ದಿದ್ ಸೆಲ್ಯೂಟು ಈ ಮಗೀಗೂ ಹೊಡೀತೀನಿ" ಎಂದ. ನಾವು ನುಡಿಸಿದೆವು. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಅವನ ಕೈ ಹಣೆಯಿಂದ ಇಳಿಯಲಿಲ್ಲ.

ವಾಪಸು ಬರುವಾಗ ಲಾರಿಯಲ್ಲಿ ದಾಸಪ್ಪನೇ ಕೇಳಿದ: "ಮೇಷ್ಟ್ರೇ, ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದರು ಮೇಷ್ಟ್ರು. "ನಾನು ಮಿಲಿಟ್ರಿಲಿ ದೊಡ್ಡ ಹಾರ್ನ್ ಹಿಡಿದಿದ್ದವನು ದಾಸಪ್ಪ, ನಿನ್ ಥರಾನೇ. ಹಾಡಿನ್ ಮೇಲ್ಭಾಗ ಟ್ರಂಪೆಟ್ಟಿನವರದು, ನಂದು ಬರೀ ತಳ. ಪೂರ್ತಿ ಬರ್ತಿದ್ದಿದ್ದು ಎರಡೇ. ಸಾಹುಕಾರ್ರು ಎರಡು ಹಾಡು ಕೇಳಿದ್ರು, ನನ್ ಹತ್ರ ಎರಡಿತ್ತು, ಕೊಟ್ಟೆ." ಕಾಲರನ್ನು ಮತ್ತೊಮ್ಮೆ ಸರಿಮಾಡಿಕೊಂಡು, "ಹೋಗೋರ್ಗೆ ಇಜ್ಜತ್ ಕೊಟ್ಟು ಕಳ್ಸೋ ಹಾಡದು. ಎಲ್ಲಿಗೆ ಹೋಗ್ತಾರೆ ಅಂತ ಅದ್ರಲ್ಲಿ ಬರ್ದಿಲ್ಲ ಬೇಟಾ" ಎಂದರು.

ಮರುದಿನ ಸಾಹುಕಾರರಿಗೆ ವಿಷಯ ತಿಳಿಸಿದೆವು. ಹಾಡು ನಿಲ್ಲಿಸುತ್ತಾರೆ, ಬ್ಯಾಂಡನ್ನೇ ನಿಲ್ಲಿಸುತ್ತಾರೆ ಎಂದು ನಮಗೆಲ್ಲ ಹೆದರಿಕೆ. ಅವರು ನಿಂತಲ್ಲೇ ಕೇಳಿ, "ಹೆಣ್ಣು ಹೋಯ್ತು ತಾನೆ? ಜನ ಅತ್ರು ತಾನೆ? ಮತ್ತೇನ್ ನಿಂತಿದೀರಿ, ಹೋಗಿ ಕೆಲ್ಸ ನೋಡ್ರಿ" ಎಂದು ಹೊರಟುಹೋದರು. ಸುದ್ದಿ ಹರಡಿದ ಮೇಲೆ ಕರೆ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ನಮ್ಮ ಹಾಡಿನಲ್ಲಿ ಹೋದ ಹೆಣ್ಣುಮಕ್ಕಳು ಯಾರೂ ಗಂಡನ ಮನೆ ಬಿಟ್ಟು ಬರಲಿಲ್ಲ ಎಂದು ಯಾರೋ ಹಬ್ಬಿಸಿದ್ದರು. ಇಬ್ಬರು ಬಂದಿದ್ದರು, ನನಗೆ ಗೊತ್ತು. ನಾನೇಕೆ ಹೇಳಲಿ?

ಪ್ಯಾಕೆಟ್ ಎಣ್ಣೆ ಬಂತು, ಸುತ್ತಮುತ್ತ ಕಡಲೆಕಾಯಿ ಹಾಕುವವರು ಕಡಿಮೆಯಾದರು, ಒಂದು ದಿನ ಮಿಲ್ಲು ನಿಂತಿತು. ಸಾಹುಕಾರರು ವಾದ್ಯಗಳನ್ನು ಮಾರಲಿಲ್ಲ. "ಯಾರ್ ಊದ್ತಿದ್ರೋ ಅವ್ರೇ ತಗಂಡೋಗ್ರಿ" ಎಂದರು. ನಾನು ಬಿತ್ತನೆ ಬೀಜದ ಅಂಗಡಿ ಇಟ್ಟೆ. ದಾಸಪ್ಪ ಹೊಲ ನೋಡಿಕೊಂಡ. ಬ್ಯಾಂಡು ಮಾತ್ರ ಮಿಲ್ಲಿಗಿಂತ ಗಟ್ಟಿಯಿತ್ತು. ಈಗಲೂ ಇದೆ. ಹೊಸಬರು ಸಿನಿಮಾ ಹಾಡು ಬಾರಿಸುತ್ತಾರೆ, ವ್ಯಾನಿನ ಮೇಲೆ ಬಣ್ಣಬಣ್ಣದ ದೀಪ ಹಾಕಿದ್ದಾರೆ. ಅವರಲ್ಲಿ ಇಬ್ಬರು ಹುಡುಗಿಯರು ಟ್ರಂಪೆಟ್ ಊದುತ್ತಾರೆ, ಅದೂ ನಮ್ಮ ಯಾರಿಗಿಂತಲೂ ಚೆನ್ನಾಗಿ.

ಕೆಲವು ವರ್ಷಗಳ ಹಿಂದೆ ಸಾಹುಕಾರರು ತೀರಿಕೊಂಡರು. ತುಂಬು ವಯಸ್ಸು. ಬೆಳಗಿನ ಕಾಫಿ ಕುಡಿದು, ಲೋಟ ಕೆಳಗಿಡುವಷ್ಟರಲ್ಲಿ ಹೋಗಿದ್ದರಂತೆ. ಯಾರೂ ಕರೆಯದೆಯೇ ನಾವು ಹಳಬರೆಲ್ಲ ವಾದ್ಯ ಹಿಡಿದು ಹೋದೆವು. ಮೇಷ್ಟ್ರು ಸಿರಾದಿಂದ ಬಸ್ಸಿನಲ್ಲಿ ಬಂದರು. ಬೆನ್ನು ಬಾಗಿತ್ತು, ಅಂಗಿಯ ಇಸ್ತ್ರಿ ಬಾಗಿರಲಿಲ್ಲ. ಸಾಹುಕಾರರನ್ನು ಹೆಗಲ ಮೇಲೆ ಹೊರುವ ಹೂವಿನ ವಿಮಾನದಲ್ಲಿ ಕೂರಿಸಿದ್ದರು. ಯಾವ ಹಾಡು ಎಂದು ಯಾರೂ ಕೇಳಲಿಲ್ಲ. ನಿಧಾನದ್ದು ಅಂದಿಗೆ ತನ್ನ ಸರಿಯಾದ ಜಾಗಕ್ಕೆ ಬಂದಿತ್ತು.

ಆದರೆ ಒಂದು ಬೀದಿ ದಾಟುವಷ್ಟರಲ್ಲಿ ವಿಚಿತ್ರವಾಯಿತು. ಬಾಗಿಲುಗಳಿಗೆ ಬಂದ ಹೆಂಗಸರ ಮುಖದಲ್ಲಿ ದುಃಖದ ಬದಲು ಎಂಥದೋ ನಾಚಿಕೆಯ ನಗು. ಒಬ್ಬ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಯಾರ್ ಮನೆ ಹೆಣ್ಣು ಕಳಿಸ್ತಾವ್ರೆ?" ಎಂದು ಕೇಳಿಯೇಬಿಟ್ಟಳು. ನಮ್ಮೂರಿನಲ್ಲಿ ಆ ಹಾಡು ಸಾವಿಗೆ ಉಪಯೋಗಕ್ಕೆ ಬಾರದಷ್ಟು ಕೆಟ್ಟುಹೋಗಿತ್ತು. ಕೆಡಿಸಿದವರು ನಾವೇ.

ಪಾರ್ವತಮ್ಮನವರು ಮಗಳು ನಿರ್ಮಲಾಳ ತೋಳು ಹಿಡಿದು ವಿಮಾನದ ಹಿಂದೆ ನಡೆಯುತ್ತಿದ್ದವರು ಮುಂದೆ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ಮೇಷ್ಟ್ರೇ, ಇದ್ ಬ್ಯಾಡ" ಎಂದರು. "ಇಷ್ಟ್ ನಿಧಾನಕ್ಕೆ ನಡಿಯೋದು ಅವರ್ಗೆ ಯಾವತ್ತೂ ಆಗ್ತಿರ್ಲಿಲ್ಲ. ಇನ್ನೊಂದ್ ಐತಲ್ಲ, ಅದ್ ಹೊಡ್ಸಿ."

ಮೇಷ್ಟ್ರು ನನ್ನ ಕಡೆ ತಿರುಗಿ ತಲೆಯಾಡಿಸಿದರು.

ನಾನು ನಡೆ ಹಾಕಿದೆ. ದಾಸಪ್ಪ ಎಪ್ಪತ್ತರ ಹತ್ತಿರದ ಎದೆಯಿಂದ ಸಿಪ್ಪೆಯ ದಿನಗಳ ಗಾಳಿಯನ್ನು ಹೊರಗೆ ತಂದ. ವಿಮಾನ ಹೊತ್ತವರ ಕಾಲುಗಳು ತಾವಾಗಿಯೇ ಚುರುಕಾದವು. ಹಿಂದಿದ್ದ ಜನ ಪಂಚೆ ಎತ್ತಿ ಕಟ್ಟಿದರು. ಬಸ್ ಸ್ಟ್ಯಾಂಡಿನ ಮುಂದೆ ಕಂಡಕ್ಟರೊಬ್ಬ ವಿಸಿಲ್ ಹಾಕಿ ಬಸ್ಸನ್ನು ಪಕ್ಕಕ್ಕೆ ತೆಗೆಸಿದ. ಎರಡು ಮೈಲಿ ದೂರದ ತೋಟಕ್ಕೆ ಹೇಗೆ ಹೋದೆವೋ ಗೊತ್ತಾಗಲಿಲ್ಲ. ಪಾರ್ವತಮ್ಮನವರು ಅಳುತ್ತಿದ್ದರು, ಅಳುತ್ತಲೇ ನಮ್ಮೆಲ್ಲರಿಗಿಂತ ಮುಂದೆ ನಡೆಯುತ್ತಿದ್ದರು.

ತೋಟದಲ್ಲಿ ಗುಂಡಿ ತೋಡುವವರು ಇನ್ನೂ ಸೊಂಟದ ಮಟ್ಟಕ್ಕೆ ಬಂದಿದ್ದರು. ನಮ್ಮನ್ನು ನೋಡಿ ಗುದ್ದಲಿ ಊರಿ ನಿಂತರು.

"ಇಷ್ಟ್ ಬೇಗ ಬಂದ್ಬುಟ್ರಾ?" ಎಂದ ಅವರಲ್ಲೊಬ್ಬ.

ಎಲ್ಲರಿಗೂ ಏದುಸಿರು. ದಾಸಪ್ಪ ಹಾರ್ನನ್ನು ಬೇವಿನ ಮರಕ್ಕೆ ಒರಗಿಸಿ, ಅಂಗಿ ಕಳಚಿ ಅದರ ಮೇಲೆ ಹಾಕಿ, ಗುಂಡಿಗೆ ಇಳಿದು ಗುದ್ದಲಿಗೆ ಕೈ ಚಾಚಿದ.